ಗಾಲಿಮನೆಯ ಬಾಲ

ಆಗ ನನಗೆ ಅರವತ್ತೊಂಬತ್ತು ವರ್ಷ. ಈಗ ಎಪ್ಪತ್ತೆರಡು ನಡೆಯುತ್ತಿದೆ. ಅಂದರೆ ಮೂರು ವರ್ಷದ ಹಿಂದಿನ ಮಾತು. ಅವತ್ತಿನಿಂದ ಎಷ್ಟೋ ಸಲ ತಲೆಯಲ್ಲಿ ತಿರುಗಿಸಿ ನೋಡಿದ್ದೇನೆ, ಪೂರ್ತಿ ತಿಳಿದಿಲ್ಲ. ತಿಳಿದಷ್ಟನ್ನು ಬರೆಯುತ್ತೇನೆ. ತಿಳಿಯದ್ದನ್ನೂ ಬರೆಯುತ್ತೇನೆ, ಅದೇ ಜಾಸ್ತಿ ಇದೆ.

ನನ್ನ ಮಗಳು ಒಂದು ಕ್ಯಾರವಾನ್ ಕೊಂಡಳು. ಕ್ಯಾರವಾನ್ ಅಂದರೆ ಎಂಜಿನ್ ಇಲ್ಲದ ಗಾಡಿ. ಎರಡು ಚಕ್ರ, ಅದರ ಮೇಲೆ ಒಂದು ಬಿಳಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಂಚ, ಒಲೆ, ಸಿಂಕು, ಕಕ್ಕಸು. ಕಾರಿನ ಹಿಂದೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಉಕ್ಕಿನ ಗುಂಡು ಇರುತ್ತದೆ. ಕ್ಯಾರವಾನಿನ ಮೂತಿಯನ್ನು ಎತ್ತಿ ಆ ಗುಂಡಿನ ಮೇಲೆ ಕೂರಿಸಿ ಕೊಕ್ಕೆ ಬಿಗಿದರೆ ಆಯಿತು, ಮನೆ ಹಿಂದೆ ಬರುತ್ತದೆ. ಇಷ್ಟು ದೊಡ್ಡ ಮನೆ ಅಷ್ಟು ಚಿಕ್ಕ ಗುಂಡನ್ನು ನಂಬಿಕೊಂಡು ಬರುವುದು ನನಗೆ ಮೊದಲ ದಿನವೇ ಸರಿ ಕಾಣಲಿಲ್ಲ. ಹೇಳಿದೆ.

"ಎಲ್ಲರದ್ದೂ ಹಾಗೇ ಇರೋದು ಅಮ್ಮ" ಅಂದಳು.

ಕೊಂಡದ್ದಕ್ಕೆ ಕಾರಣ ನಾವಿಬ್ಬರು ಮುದುಕಿಯರು. ನಾನೊಬ್ಬಳು, ಧಾರವಾಡದಿಂದ ಪ್ರತಿ ಬೇಸಿಗೆಗೆ ಬಂದು ಇರುವ ನನ್ನ ಬೀಗಿತ್ತಿ ಇನ್ನೊಬ್ಬರು. ಬೀಗಿತ್ತಿ ಹೊರಗಿನ ಅನ್ನ ಮುಟ್ಟುವುದಿಲ್ಲ. ನಾನು ಮುಟ್ಟುತ್ತೇನೆ, ತಿಂದಮೇಲೆ ಬೈಯುತ್ತೇನೆ. ನಮ್ಮನ್ನು ಕಟ್ಟಿಕೊಂಡು ಯಾವ ಊರಿಗೂ ಹೋಗುವ ಹಾಗಿರಲಿಲ್ಲ. ಒಲೆಯೇ ಜೊತೆಗೆ ಬಂದರೆ ಇಬ್ಬರ ಬಾಯಿಯೂ ಮುಚ್ಚುತ್ತದೆ ಎಂದು ಮಗಳ ಲೆಕ್ಕ. ಪಕ್ಕದ ಬೀದಿಯ ಬಿಳಿ ಮುದುಕರೊಬ್ಬರು ಮಂಡಿ ನೋವೆಂದು ತಮ್ಮ ಗಾಡಿ ಮಾರುತ್ತಿದ್ದರು. ಕೊಂಡಳು.

ಮನೆ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಎಜ್‌ಬಾಸ್ಟನ್ ಕಡೆ. ನಾನು ಮೊದಲು ಲೆಸ್ಟರ್‌ನಲ್ಲಿದ್ದೆ. ನನ್ನ ಯಜಮಾನರು, ನಾನು ಇಬ್ಬರೂ ಅಲ್ಲಿ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು. ಅವರು ಹೋದಮೇಲೆ ಮಗಳ ಮನೆಗೆ ಬಂದೆ. ಮಗಳು ಆಸ್ಪತ್ರೆಯಲ್ಲಿ ನರ್ಸ್. ಮಂಗಳವಾರ ಮಾತ್ರ ಲೆಸ್ಟರ್‌ಗೆ ಕಾರು ಓಡಿಸಿಕೊಂಡು ಹೋಗಿ ಸಕ್ಕರೆ ಕಾಯಿಲೆಯವರ ಕ್ಲಿನಿಕ್ ನಡೆಸುತ್ತಿದ್ದಳು. ಇಂಗ್ಲಿಷ್ ಬಾರದ ಮುದುಕಿಯರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಆ ಕೆಲಸವನ್ನು ಅವಳಿಗೆ ಯಾರೂ ಸುಮ್ಮನೆ ಕೊಟ್ಟಿರಲಿಲ್ಲ, ಮೇಲಿನವರ ಹತ್ತಿರ ವಾದ ಮಾಡಿ ತಾನೇ ಹುಟ್ಟಿಸಿಕೊಂಡದ್ದು.

ಅಳಿಯಂದಿರಿಗೆ ಲೆಮಿಂಗ್ಟನ್‌ನಲ್ಲಿ ಕೆಲಸ, ಕಂಪ್ಯೂಟರಿನಲ್ಲಿ ಆಟ ಮಾಡುವ ಕಂಪನಿ. ಆಟದೊಳಗಿನ ಕಾರುಗಳು ನಿಜವಾದ ಕಾರಿನ ಹಾಗೆಯೇ ಜಾರಬೇಕು, ಉರುಳಬೇಕು, ಅದನ್ನು ನೋಡಿಕೊಳ್ಳುವುದು ಅವರ ಕೆಲಸ. ಆದರೆ ಅವರ ಲೈಸೆನ್ಸ್ ಗೇರ್ ಇಲ್ಲದ ಕಾರಿಗೆ ಮಾತ್ರ. ನಮ್ಮ ಮನೆಯ ಕಾರಿಗೆ ಗೇರ್ ಇತ್ತು. ಹಾಗಾಗಿ ಗಾಡಿಯ ವಿಷಯ ಓದುವವರು ಅವರು, ಗಾಡಿ ಓಡಿಸುವವಳು ಅವಳು.

ಯಾರ್ಕ್‌ಶೈರಿನ ಸಮುದ್ರದ ಕಡೆ ಹೋಗುವುದೆಂದಾಯಿತು. ಮಗಳಿಗೆ ಹಿಂದಿನ ದಿನ ಡ್ಯೂಟಿ ಇತ್ತು. ಸಾಮಾನು ತುಂಬುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಬೀಗಿತ್ತಿ ಕ್ಯಾರವಾನಿನ ಒಳಗೆ ಹೋಗಿ ನಡುವೆ ನಿಂತು ಸುತ್ತ ನೋಡಿದರು. ಚಕ್ರದ ಮೇಲಕ್ಕೆ ಸರಿಯಾಗಿ ಅಡುಗೆಯ ಜಾಗ. ಒಲೆ, ಅದರ ಕೆಳಗೆ ಒಳ್ಳೆಯ ಕಪಾಟುಗಳು. ಒಲೆಯ ಎದುರಿಗೆ ಕಕ್ಕಸಿನ ಬಾಗಿಲು. ತೆಗೆದರು.

"ಇದೇನ್ರೀ ಅಕ್ಕಾರ, ಒಲಿ ಮುಂದನ ಪಾಯಖಾನಿ ಇಟ್ಟಾರಲ್ರೀ?"

"ಇವರು ಹಾಗೇ ಇಡೋದು."

"ಅವರು ಏನರ ಇಟ್ಕೊಳ್ಳಲಿ. ನನ್ನ ಜ್ವಾಳದ ಹಿಟ್ಟು ನಾ ಅಲ್ಲಿ ಇಡೂದಿಲ್ಲ."

"ಬಾಗಿಲು ಮುಚ್ಚಿರುತ್ತಲ್ಲ ಬೀಗ್ರೇ."

"ಬಾಗಲಾ ಮುಚ್ಚಿದರ ಪಾಯಖಾನಿ ದೇವರಮನಿ ಆಗತದೇನ್ರೀ?"

ನಿಜ ಹೇಳಬೇಕೆಂದರೆ ನನಗೂ ಆ ಕಪಾಟಿನಲ್ಲಿ ಅಕ್ಕಿ ಇಡಲು ಮನಸ್ಸಿರಲಿಲ್ಲ. ಕಕ್ಕಸಿನಿಂದ ಅತಿ ದೂರದ ಜಾಗ ಯಾವುದೆಂದು ಹುಡುಕಿದೆವು. ಗಾಡಿಯ ಕಟ್ಟಕಡೆಗೆ ಒಂದು ಮಂಚ, ಅದರ ಹಲಗೆ ಎತ್ತಿದರೆ ಕೆಳಗೆ ದೊಡ್ಡ ಗೂಡು. ಅಕ್ಕಿ ಮೂಟೆ, ಅವರ ಜೋಳದ ಹಿಟ್ಟು, ನನ್ನ ರಾಗಿ ಹಿಟ್ಟು, ದೋಸೆಗೆ ರುಬ್ಬುವ ಕಲ್ಲಿನ ಗ್ರೈಂಡರ್, ಕುಕ್ಕರುಗಳು, ರೊಟ್ಟಿ ಹಂಚು, ಉಪ್ಪಿನಕಾಯಿ ಜಾಡಿ, ಕುಡಿಯುವ ನೀರಿನ ಕ್ಯಾನುಗಳು, ಎಲ್ಲ ಅದರೊಳಗೆ ಹೋದವು. ಹಲಗೆ ಮುಚ್ಚಿ ಮೇಲೆ ಹಾಸಿಗೆ ಹಾಸಿದೆವು. ನಡುವಿನ ಕಪಾಟುಗಳು ಖಾಲಿ ಉಳಿದವು. ಅಲ್ಲಿ ಬೀಗಿತ್ತಿ ಚಪ್ಪಲಿ ಇಟ್ಟರು.

ಮರುದಿನ ಮಗಳು ಕ್ಯಾರವಾನಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ಗುಂಡಿನ ಮೇಲೆ ಕೂರಿಸಿದಳು. "ನೋಡಮ್ಮ, ಎಷ್ಟು ಲೈಟ್ ಇದೆ" ಅಂದಳು. ನಮಗೆಲ್ಲ ಖುಷಿಯಾಯಿತು.

ದೊಡ್ಡ ರಸ್ತೆಯಲ್ಲಿ ಬಹಳ ಹೊತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ಇಳಿಜಾರು ಬಂತು. ಪಕ್ಕದಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಅದು ದಾಟಿದ್ದೇ ನಮ್ಮ ಹಿಂದಿನ ಮನೆ ಒಂದು ಸಲ ಎಡಕ್ಕೆ ತೂಗಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಹಗ್ಗ ಹಿಡಿದವರನ್ನೇ ಎಳೆದಾಡುವ ಎಮ್ಮೆಯ ಹಾಗೆ ಅದು ನಮ್ಮ ಕಾರಿನ ಹಿಂಭಾಗವನ್ನು ಎಳೆಯಿತು. ಕಿಟಕಿಯಲ್ಲಿ ನೋಡಿದರೆ ಹಿಂದಿರಬೇಕಾದ ಬಿಳಿ ಗೋಡೆ ಪಕ್ಕದಲ್ಲಿ ಕಾಣುತ್ತಿತ್ತು.

ಅಳಿಯಂದಿರು "ಬ್ರೇಕ್, ಬ್ರೇಕ್" ಅಂದರು. ಮಗಳು ಬ್ರೇಕ್ ಹಾಕಲಿಲ್ಲ. ಕಾಲು ಎತ್ತಿ, ಸ್ಟಿಯರಿಂಗ್ ನೇರವಾಗಿ ಹಿಡಿದು ಕೂತಳು. ಬೀಗಿತ್ತಿ ದೇವರನ್ನು ಕರೆದರು. ನಾನು ಏನೂ ಮಾಡಲಿಲ್ಲ, ತೊಡೆಯ ಮೇಲಿದ್ದ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡಿದ್ದೆ. ಕಾರು ನಿಧಾನವಾಯಿತು, ಬಾಲ ಅಲ್ಲಾಡುವುದು ಕಡಿಮೆಯಾಯಿತು, ನಿಂತಿತು.

ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಹೋಗಿ ನಿಲ್ಲಿಸಿದಳು. ಎಂಜಿನ್ ಆಫ್ ಮಾಡಿದಳು, ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಬೆರಳುಗಳು ನಡುಗುತ್ತಿದ್ದವು. ಚಿತ್ರಾನ್ನ ಕೊಟ್ಟೆ, ಬೇಡವೆಂದಳು. ಸಮುದ್ರಕ್ಕೆ ಹೋಗಲಿಲ್ಲ. ಸಣ್ಣ ರಸ್ತೆಗಳಲ್ಲಿ, ಹಿಂದಿನ ಕಾರಿನವರ ಹಾರ್ನ್ ಕೇಳಿಕೊಂಡು, ಮನೆಗೆ ವಾಪಸು ಬಂದೆವು. ಕ್ಯಾರವಾನನ್ನು ಮನೆಮುಂದೆ ಬಿಟ್ಟು, ಕಾರಿನ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.

ಆ ಕೀಲಿ ಅಲ್ಲೇ ನೇತಾಡುತ್ತಾ ಉಳಿಯಿತು. ಮಾರನೆಯ ದಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದಳು. ಪಾರ್ಕಿಂಗ್ ಸಿಗುವುದಿಲ್ಲ ಅಂದಳು. ಮಂಗಳವಾರ ಬಂದಾಗ ಯಾರೊಂದಿಗೋ ಡ್ಯೂಟಿ ಬದಲಾಯಿಸಿಕೊಂಡಳು. ಮುಂದಿನ ಮಂಗಳವಾರ ತಲೆನೋವು. ಅದರ ಮುಂದಿನ ಮಂಗಳವಾರಕ್ಕೂ ಏನೋ ಒಂದು. ನಾನು ಕಾರ್ಖಾನೆಯಲ್ಲಿ ಬಹಳ ವರ್ಷ ಹೆಂಗಸರ ಜೊತೆ ಕೆಲಸ ಮಾಡಿದವಳು. ಯಂತ್ರದ ಸೂಜಿ ಒಂದು ಸಲ ಬೆರಳಿಗೆ ಹೋದವಳು ಮತ್ತೆ ಆ ಯಂತ್ರದ ಮುಂದೆ ಕೂರದಿರಲು ಎಂತೆಂಥ ನೆಪ ಹೇಳುತ್ತಾಳೆ ಎಂದು ಗೊತ್ತು.

ಅವಳ ಮೇಲಿನವರು ಫೋನ್ ಮಾಡಿದರು. ಮುಗಿದಮೇಲೆ ಕೇಳಿದೆ.

"ಏನಂತೆ?"

"ಲೆಸ್ಟರ್ ಕ್ಲಿನಿಕ್ ಬೇರೆಯವರಿಗೆ ಕೊಡ್ತಾರಂತೆ. ಈ ತಿಂಗಳ ಒಳಗೆ ನಾನು ಹೇಳಬೇಕು."

"ರೈಲಲ್ಲಿ ಹೋಗು."

"ಅಷ್ಟೊಂದು ಇನ್ಸುಲಿನ್ ಬಾಕ್ಸ್, ಮಷೀನ್ ಎಲ್ಲ ಹೊತ್ಕೊಂಡು ರೈಲಲ್ಲಾ?"

"ಹಾಗಾದ್ರೆ ಕಾರಲ್ಲಿ ಹೋಗು."

ಪಾತ್ರೆ ತೊಳೆಯಲು ಎದ್ದುಹೋದಳು. ಪಾತ್ರೆ ಆಗಲೇ ತೊಳೆದಿತ್ತು.

ಅಳಿಯಂದಿರಿಗೆ ಇದು ಕಾಣಲಿಲ್ಲವೋ, ಕಂಡು ಅವರಿಗೆ ತಿಳಿದ ದಾರಿಯಲ್ಲಿ ಹೋದರೋ, ಹೇಳಲಾರೆ. ಒಳ್ಳೆಯ ಕೊಕ್ಕೆ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರು ತೀರ್ಮಾನಿಸಿದರು. ಅಲ್ಲಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಕೊಕ್ಕೆ, ಎದ್ದರೆ ಕೊಕ್ಕೆ.

ಬಾಲ ಅಲ್ಲಾಡದ ಹಾಗೆ ಮಾಡುವ ಕೊಕ್ಕೆಯಲ್ಲಿ ಎಷ್ಟೋ ಜಾತಿ ಇವೆಯಂತೆ. ಒಂದು, ಉದ್ದನೆಯ ಕಬ್ಬಿಣದ ಪಟ್ಟಿ. ಮುರಿದ ಕೈಗೆ ದಬ್ಬೆ ಕಟ್ಟಿದ ಹಾಗೆ ಕಾರಿಗೂ ಗಾಡಿಗೂ ಸೇರಿಸಿ ಕಟ್ಟುವುದು. ಇನ್ನೊಂದು, ಗುಂಡನ್ನೇ ಎರಡು ಕಡೆಯಿಂದ ಗಟ್ಟಿ ಬಿಲ್ಲೆಗಳಿಂದ ಅದುಮಿ ಹಿಡಿಯುವ ಕೊಕ್ಕೆ. ಮತ್ತೊಂದು ಕೊಕ್ಕೆಯೇ ಅಲ್ಲ, ಗಾಡಿಯ ಅಚ್ಚಿನ ಕೆಳಗೆ ಕೂರುವ ಕರೆಂಟಿನ ಪೆಟ್ಟಿಗೆ. ಬಾಲ ಅಲ್ಲಾಡಿದ್ದು ಅದಕ್ಕೇ ಗೊತ್ತಾಗಿ, ಅದೇ ಗಾಡಿಗೆ ಬ್ರೇಕ್ ಹಾಕುತ್ತದಂತೆ. ಇವೆಲ್ಲ ಸಾಲದೆಂದು ಅಮೆರಿಕದವರ ವಿಡಿಯೋ ನೋಡಿ, ಎರಡು ಸಲಾಕೆ ಇರುವ ಬೇರೆ ಜಾತಿಯ ಕೊಕ್ಕೆಯನ್ನು ಬಹಳ ದಿನ ಹೊಗಳಿದರು. ಆಮೇಲೆ ಅದು ನಮ್ಮ ಗಾಡಿಗೆ ಹೊಂದುವುದಿಲ್ಲ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ನಾನು ಅದನ್ನು ಅರ್ಥಮಾಡಿಕೊಳ್ಳಲು ಶುರುಮಾಡಿದ್ದೆ.

"ಗುಂಡನ್ನ ಅದುಮಿ ಹಿಡಿಯೋದಾದರೆ ತಿರುವಿನಲ್ಲಿ ಗಾಡಿ ಹೇಗೆ ತಿರುಗುತ್ತೆ?" ಎಂದು ಕೇಳಿದೆ.

"ತಿರುಗುತ್ತೆ ಅತ್ತೆ, ಸ್ವಲ್ಪ ಕಷ್ಟಪಟ್ಟು ತಿರುಗುತ್ತೆ."

"ಕಷ್ಟಪಟ್ಟು ತಿರುಗೋದು ಒಳ್ಳೇದಾ?"

"ಅದೇ ಒಳ್ಳೇದು."

"ಸುಲಭವಾಗಿ ತಿರುಗಿದರೆ?"

"ಬಾಲಾನೂ ಸುಲಭವಾಗಿ ಅಲ್ಲಾಡುತ್ತೆ."

ಬೀಗಿತ್ತಿ ರೊಟ್ಟಿ ಮುರಿಯುತ್ತಾ ಅಂದರು, "ಗಂಡಸರ ಹಂಗನ್ರಿ. ಬಿಗಿ ಹಿಡದರ ನೆಟ್ಟಗ ಬರತಾವ."

"ಅವ್ವಾ, ನೀ ಸುಮ್ಮನಿರು" ಅಂದರು ಅಳಿಯಂದಿರು.

ಮೊದಲಿನ ಕೊಕ್ಕೆಯಾದರೆ ಗುಂಡಿಗೆ ಚೆನ್ನಾಗಿ ಗ್ರೀಸ್ ಹಚ್ಚಬೇಕು ಎಂದು ಗಾಡಿ ಮಾರಿದ ಮುದುಕರು ಹೇಳಿಹೋಗಿದ್ದರು. ಅದುಮುವ ಕೊಕ್ಕೆಯಾದರೆ ಒಂದು ಹನಿ ಜಿಡ್ಡೂ ತಾಗಬಾರದು ಎಂದು ಇವರು ಓದಿ ಹೇಳಿದರು. ಒಂದೇ ಗುಂಡು. ಹೋದ ತಿಂಗಳು ಜಿಡ್ಡಿಲ್ಲದಿದ್ದರೆ ಕೆಟ್ಟಿತು, ಈ ತಿಂಗಳು ಜಿಡ್ಡಿದ್ದರೆ ಕೆಟ್ಟಿತು. ನನಗೆ ತಲೆ ಕೆಟ್ಟಿತು.

ಅಳಿಯಂದಿರು ಇಷ್ಟಕ್ಕೆ ಬಿಡಲಿಲ್ಲ. ತಮ್ಮ ಕೆಲಸದ ಕಂಪ್ಯೂಟರಿನಲ್ಲೇ ನಮ್ಮ ಕಾರು, ನಮ್ಮ ಕ್ಯಾರವಾನ್, ಆ ಇಳಿಜಾರು, ಆ ಲಾರಿ, ಎಲ್ಲ ಮಾಡಿದರು. ಒಂದು ಸಂಜೆ ಊಟದ ಮೇಜಿನ ಮೇಲೆ ಇಟ್ಟು ತೋರಿಸಿದರು. ಕೊಕ್ಕೆ ಇಲ್ಲದೆ ಹೋದರೆ ಬಾಲ ಅಲ್ಲಾಡಿತು. ಅದುಮುವ ಕೊಕ್ಕೆ ಹಾಕಿದರೆ ನಿಂತಿತು. ಲಾರಿಯನ್ನು ಇನ್ನೂ ದೊಡ್ಡದು ಮಾಡಿದರೆ ಕಾರು, ಕ್ಯಾರವಾನ್ ಎರಡೂ ಉರುಳಿ ಹುಲ್ಲಿಗೆ ಬಿದ್ದವು.

"ಅವತ್ತು ಇಷ್ಟು ಜೋರಾಗಿ ಯಾಕೆ ಅಲ್ಲಾಡಿತೋ ಅದೇ ಗೊತ್ತಾಗ್ತಿಲ್ಲ" ಅಂದರು. "ಒಳಗಿನ ಸಾಮಾನೆಲ್ಲ ಸಮನಾಗಿ ಹಂಚಿದೆ ಅಂತ ಇಟ್ಕೊಂಡಿದೀನಿ. ಆದರೂ ಲೆಕ್ಕ ಕೂಡ್ತಿಲ್ಲ."

ಸಮನಾಗಿ ಹಂಚಿದೆ ಎಂದರೆ ಏನೆಂದು ನಾವು ಯಾರೂ ಕೇಳಲಿಲ್ಲ. ಪರದೆಯ ಮೇಲೆ ಗಾಡಿ ಇನ್ನೊಂದು ಸಲ ಉರುಳಿತು. ಮಗಳು ತಟ್ಟೆ ಬಿಟ್ಟು ಎದ್ದಳು.

"ಮಾರಿಬಿಡಿ" ಅಂದಳು. "ನಾನು ಓಡಿಸಲ್ಲ."

ನಾನು ಹಿಂದೆಯೇ ಅಡುಗೆಮನೆಗೆ ಹೋದೆ. ಮುದ್ದು ಮಾಡಲಿಕ್ಕಲ್ಲ, ತಟ್ಟೆ ಇಡಲಿಕ್ಕೆ.

"ಯಾವ ಕೊಕ್ಕೆ ಬೇಕು ನಿನಗೆ?" ಎಂದು ಕೇಳಿದೆ.

"ಯಾವುದಾದರೂ ಹಾಕಿಸಲಿ, ಐ ಡೋಂಟ್ ಕೇರ್."

"ಬಾಲ ಅಲ್ಲಾಡಿದ್ದು ಗಾಡೀದು, ಕೈ ನಡುಗೋದು ನಿಂದು. ಎರಡಕ್ಕೂ ಒಂದೇ ಕೊಕ್ಕೆ ಸಿಗುತ್ತಾ?"

"ಅಮ್ಮ, ಪ್ಲೀಸ್."

"ಮಾರೋದಾದರೆ ಮಾರು. ಲೆಸ್ಟರ್ ಬಿಡೋದಾದರೆ ಬಿಡು. ಆದರೆ ಪಾರ್ಕಿಂಗ್ ಸಿಗಲ್ಲ, ತಲೆನೋವು ಅಂತ ನನ್ನ ಹತ್ರ ಹೇಳ್ಬೇಡ. ಹೆದರಿಕೆ ಅಂತ ಹೇಳು."

ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಹೆದರಿಕೆ ಅಮ್ಮ. ಯಾಕಾಯ್ತು ಅಂತ ಗೊತ್ತಿದ್ದರೆ ಹೆದರಿಕೆ ಇರ್ತಿರಲಿಲ್ಲ. ನಾನು ಏನೂ ತಪ್ಪು ಮಾಡಲಿಲ್ಲ, ಆದರೂ ಆಯ್ತು. ಇನ್ನೊಂದು ಸಲಾನೂ ಹಾಗೇ ಆಗಬಹುದಲ್ಲ?"

ಅದು ನನಗೂ ಗೊತ್ತಿರಲಿಲ್ಲ. ತಟ್ಟೆ ತೊಳೆಯಲು ತೆಗೆದುಕೊಂಡೆ.

ಇಷ್ಟು ದಿನವೂ ಕ್ಯಾರವಾನ್ ಮನೆಮುಂದೆಯೇ ನಿಂತಿತ್ತು. ಗಾಡಿ ನಿಂತಿತ್ತು, ನಮ್ಮ ಹೊಟ್ಟೆ ನಿಂತಿರಲಿಲ್ಲ. ಮನೆಯೊಳಗಿನ ಅಕ್ಕಿ ಮುಗಿದಾಗ ನಾನು ಹೋಗಿ ಮಂಚದ ಕೆಳಗಿನಿಂದ ಪಾತ್ರೆಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಬೀಗಿತ್ತಿ ಹಿಟ್ಟಿಗೆ ಹೋಗುತ್ತಿದ್ದರು. ದೋಸೆಗೆ ನೆನೆಹಾಕಿದ ದಿನ ಇಬ್ಬರೂ ಸೇರಿ ಗ್ರೈಂಡರನ್ನು ಇಳಿಸಿ ಒಳಗೆ ತಂದಿದ್ದೆವು. ಕುಕ್ಕರ್, ಹಂಚು, ಜಾಡಿ, ನೀರಿನ ಕ್ಯಾನು, ಒಂದೊಂದಾಗಿ ಎಲ್ಲ ಮನೆಯೊಳಗೆ ಬಂದವು.

ಕೊನೆಗೆ ಅಳಿಯಂದಿರು ಅದುಮುವ ಕೊಕ್ಕೆಯನ್ನೇ ಆರಿಸಿದರು. ಯಾಕೆಂದು ಕೇಳಿದರೆ ಆ ಮುದುಕರಿಂದ ಕೊಂಡ ನಮ್ಮ ಗಾಡಿಗೆ ಅದೇ ಸುಲಭವಾಗಿ ಕೂರುತ್ತದೆ ಅಂದರು. ಅಷ್ಟೆಲ್ಲ ಓದಿದ್ದು ಇದಕ್ಕಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಂದು ಶುಕ್ರವಾರ ಅದನ್ನು ಕೂರಿಸುವವನು ವ್ಯಾನಿನಲ್ಲಿ ಮನೆಗೇ ಬಂದ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದ. ಕಾರಿನ ಗುಂಡಿನ ಗ್ರೀಸನ್ನೆಲ್ಲ ಒರೆಸಿ ಫಳಫಳ ಮಾಡಿದ. ಇದು ಎಲ್ಲದಕ್ಕಿಂತ ಒಳ್ಳೆಯದೇ ಎಂದು ಕೇಳಿದೆ. ಎಲ್ಲವೂ ಒಳ್ಳೆಯವೇ ಅಂದ. ಟೀ ಕುಡಿದು ಹೋದ.

ಅಳಿಯಂದಿರು ಒಳಗೆ ಫೋನಿನಲ್ಲಿದ್ದರು. ಮಗಳಿಗೆ ಅವತ್ತು ರಜ, ಅಂಗಡಿಗೆ ಹೋಗಿದ್ದಳು. ನಾನು ಬಟ್ಟೆ ಮಡಿಸಿಟ್ಟು ಹೊರಗೆ ಬಂದು ನೋಡಿದರೆ ಬೀಗಿತ್ತಿ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹೊಸ ಕೊಕ್ಕೆಯ ಒಳಕ್ಕೂ ಹೊರಕ್ಕೂ ಎಳ್ಳೆಣ್ಣೆ ಸವರಿ ಅರಿಶಿನ ಮೆತ್ತಿದ್ದಾರೆ. ಗುಂಡಿಗೆ ಎಣ್ಣೆ ಸುರಿದು ಕುಂಕುಮ ಇಟ್ಟಿದ್ದಾರೆ, ನೆತ್ತಿಯ ಮೇಲೆ ಒಂದು ದಾಸವಾಳ. ಹೂವು ಎಲ್ಲಿ ಸಿಕ್ಕಿತೋ, ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

"ಹೊಸಾ ಕಬ್ಬಿಣ ನೋಡ್ರಿ ಅಕ್ಕಾರ. ಪೂಜಿ ಇಲ್ಲದ ಓಡಿಸಬಾರದು. ಮೊದಲ ಗಾಡಿಗೆ ಯಾರೂ ಪೂಜಿ ಮಾಡಿರಲಿಲ್ಲ, ಅದಕ್ಕ ಹಂಗಾತು."

ನನಗೆ ಜಿಡ್ಡಿನ ವಿಷಯ ನೆನಪಿತ್ತು. ಆದರೆ ಹಚ್ಚಬೇಕು ಎಂದದ್ದು ಯಾವುದಕ್ಕೆ, ಬೇಡ ಎಂದದ್ದು ಯಾವುದಕ್ಕೆ ಎಂದು ಆ ಗಳಿಗೆಯಲ್ಲಿ ಅದಲುಬದಲಾಯಿತು. ನಿಂತು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಳಿಯಂದಿರು ಬಂದು ನೋಡಿದರು.

"ಅವ್ವಾ, ಏನ್ ಮಾಡಿದಿ? ಇದಕ್ಕ ಎಣ್ಣಿ ತಾಗಬಾರದು ಅಂತ ನಾ ಎಷ್ಟು ಸಲ ಹೇಳೀನಿ?"

"ಹೋದ ತಿಂಗಳ ಗ್ರೀಸ್ ಹಚ್ಚರಿ ಅಂದಾವ ಯಾರು?"

"ಅದು ಬ್ಯಾರೆ ಕೊಕ್ಕಿ."

"ಗುಂಡು ಅದ ಅಲ್ಲೇನೋ?"

"ಗುಂಡು ಅದ."

"ಮತ್ತ?"

ಅಳಿಯಂದಿರಿಗೆ ಉತ್ತರ ಗೊತ್ತಿತ್ತು, ಆದರೆ ತಾಯಿಗೆ ಹೇಳುವ ದಾರಿ ಸಿಗಲಿಲ್ಲ.

ಮಗಳು ಚೀಲ ಹಿಡಿದುಕೊಂಡು ಬಂದದ್ದು ಆಗಲೇ. ದಾಸವಾಳ ನೋಡಿದಳು, ಗಂಡನ ಮುಖ ನೋಡಿದಳು. ನಕ್ಕಳು. ಆ ಪ್ರಯಾಣದ ನಂತರ ಅವಳು ನಕ್ಕದ್ದು ನಾನು ನೋಡಿದ್ದು ಅವತ್ತೇ.

"ನಾನು ಒರೆಸ್ತೀನಿ, ಬಿಡಿ."

"ಕುಂಕುಮ ಒರಸಬಾರದವ್ವ" ಅಂದರು ಬೀಗಿತ್ತಿ.

"ಕುಂಕುಮಾನ ಗಾಡಿಯ ಹಣೆಗೆ ಇಡೋಣ ಅತ್ತೆ. ಕೈಕಾಲಿಗೆ ಬೇಡ."

ಇದು ಬೀಗಿತ್ತಿಗೆ ಒಪ್ಪಿಗೆಯಾಯಿತು. ಮಗಳು ಸ್ಪಿರಿಟ್ಟು, ಬಟ್ಟೆ ತಂದು ಗುಂಡನ್ನು ಒರೆಸಿದಳು. ಕೊಕ್ಕೆಯ ಒಳಗಿನ ಬಿಲ್ಲೆಗಳನ್ನು ಒರೆಸಬೇಕೆಂದರೆ ಕೆಳಗಿನಿಂದ ಕೈ ಹಾಕಬೇಕು. ಮೂತಿಯನ್ನು ಸ್ವಲ್ಪ ಎತ್ತಲು ಹೋದಳು, ಒಂದೇ ಕೈಯಲ್ಲಿ, ಮೊದಲಿನ ಹಾಗೆ. ಏಳಲಿಲ್ಲ. ಎರಡು ಕೈ ಹಾಕಿದಳು. ಏಳಲಿಲ್ಲ. ನಿಂತು ಕೊಕ್ಕೆಯನ್ನೇ ನೋಡಿದಳು.

"ಇದು ಭಾರ ಆಗಿದೆ" ಅಂದಳು.

"ಹೊಸ ಕೊಕ್ಕೆಯ ತೂಕ" ಅಂದರು ಅಳಿಯಂದಿರು.

"ಅಷ್ಟೊಂದಾ? ಅವತ್ತು ಒಂದು ಕೈಯಲ್ಲಿ ಎತ್ತಿದ್ದೆ. ಅಮ್ಮ, ನೀನು ನೋಡಿದ್ದೆಯಲ್ಲ?"

ನೋಡಿದ್ದೆ ಅಂದೆ. ಅವಳು ಬಟ್ಟೆ ಎಸೆದು ಕ್ಯಾರವಾನಿನೊಳಗೆ ಹೋದಳು. ಕಪಾಟುಗಳನ್ನು ತೆಗೆದು ಮುಚ್ಚುವ ಸದ್ದು. ಆಮೇಲೆ ಹಿಂದಿನ ಮಂಚದ ಹಲಗೆಯ ಸದ್ದು. ಬಾಗಿಲಿಗೆ ಬಂದು ನಿಂತಳು.

"ಮಂಚದ ಕೆಳಗೆ ಒಂದು ಅಕ್ಕಿ ಚೀಲ ಖಾಲಿ ಬಿದ್ದಿದೆ. ಇಲ್ಲಿ ಏನೇನಿತ್ತು?"

ಹೇಳಿದೆ. ಅಕ್ಕಿ, ಹಿಟ್ಟು, ಗ್ರೈಂಡರ್, ನೀರು.

"ಎಲ್ಲಾ ಇಲ್ಲೇ ಇಟ್ಟಿದ್ರಾ? ಹಿಂದೆ?"

"ಹಿಂದೆಯೇ."

"ಈಗ ಎಲ್ಲಿ?"

"ತಿಂದ್ವಿ" ಅಂದೆ.

"ಗ್ರೈಂಡರ್?"

"ಅದನ್ನ ತಿಂದಿಲ್ಲ. ಅಡುಗೆಮನೇಲಿದೆ."

ಅವಳು ನಮ್ಮ ಕೈಯಲ್ಲಿ ಎಲ್ಲವನ್ನೂ ವಾಪಸು ತರಿಸಿದಳು. ಗ್ರೈಂಡರನ್ನು ಅಳಿಯಂದಿರು ಹೊತ್ತರು. ನೀರಿನ ಕ್ಯಾನು ತುಂಬಿಸಿ ತಂದೆವು. ಅಕ್ಕಿಯ ಬದಲು ಹಿತ್ತಲಿನಲ್ಲಿದ್ದ ಗೊಬ್ಬರದ ಮಣ್ಣಿನ ಮೂಟೆ. ಎಲ್ಲ ಮಂಚದ ಕೆಳಗೆ ಹೋಯಿತು. ಮಗಳು ಮುಂದೆ ಬಂದು ಮೂತಿ ಎತ್ತಿದಳು. ಒಂದೇ ಕೈಗೆ ಎದ್ದಿತು. ಎಲ್ಲ ತೆಗೆಸಿದಳು. ಏಳಲಿಲ್ಲ. ಮತ್ತೆ ಹಾಕಿಸಿದಳು, ಎದ್ದಿತು. ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು, ಏನೂ ಕೇಳದೆ ಹೋದರು.

ಬೀಗಿತ್ತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದರು, "ಹಿಂಭಾರ ಆಗಿತ್ತನ್ರಿ."

ಆ ಮಾತು ಕೇಳಿದ್ದೇ ನನಗೂ ಹೊಳೆಯಿತು. ಎತ್ತಿನ ಗಾಡಿಯಲ್ಲಿ ಹಿಂದೆ ಜಾಸ್ತಿ ಜನ ಕೂತರೆ ಮುಂದಿನ ಮೂಕಿಮರ ಮೇಲೇಳುತ್ತದೆ, ನೊಗ ಎತ್ತಿನ ಕತ್ತನ್ನು ಬಿಟ್ಟು ಏಳುತ್ತದೆ. ಗಾಡಿ ಹೊಡೆಯುವವರು "ಹಿಂಭಾರ ಆಗಿದೆ, ಮುಂದಕ್ಕೆ ಬನ್ನಿ" ಎಂದು ಕೂಗುತ್ತಿದ್ದರು, ನಾವು ಮಕ್ಕಳೆಲ್ಲ ಮುಂದಕ್ಕೆ ಜರುಗುತ್ತಿದ್ದೆವು. ಈ ಮಾತು ನಾನು ಹುಟ್ಟಿದಾಗಿನಿಂದ ಗೊತ್ತು. ಬೀಗಿತ್ತಿಗೂ ಗೊತ್ತು. ಆದರೆ ಇದರ ಮುಂದೆ ಎತ್ತು ಇರಲಿಲ್ಲ. ಒಳಗೆ ಸಿಂಕು, ಕಕ್ಕಸು, ಪರದೆ ಇದ್ದವು. ಇದು ಗಾಡಿ ಎಂದು ನಮಗೆ ಹೊಳೆಯಲೇ ಇಲ್ಲ, ಮನೆ ಎಂದುಕೊಂಡು ತುಂಬಿದ್ದೆವು.

ಅಳಿಯಂದಿರು ಒಳಗೆ ಓಡಿಹೋಗಿ ಕಂಪ್ಯೂಟರಿನಲ್ಲಿ ಭಾರವನ್ನು ಹಿಂದಕ್ಕೆ ಸರಿಸಿ ನೋಡಿದರಂತೆ. ಹಿಂದೆ ಭಾರವಾಗಿ ಮೂತಿ ಹಗುರಾದರೆ ಬಾಲ ಅಲ್ಲಾಡುತ್ತದೆ, ಮೂತಿ ಭಾರವಿದ್ದರೆ ಇಲ್ಲ, ಲೆಕ್ಕ ಕೂಡಿತು ಎಂದು ಕೂಗಿಕೊಂಡು ಬಂದರು. ಹಾಗಾದರೆ ಕೊಕ್ಕೆ ಬೇಕಿರಲಿಲ್ಲವೇ ಎಂದು ಕೇಳಿದೆ. ಬೇಕು ಅಂದರು. ಭಾರ ಸರಿ ಇದ್ದರೆ ಅಲ್ಲಾಡುವುದಿಲ್ಲ ಎಂದಿರಲ್ಲ? ಸರಿ ಇದ್ದರೂ ಸ್ವಲ್ಪ ಅಲ್ಲಾಡಬಹುದು, ಆಗ ಕೊಕ್ಕೆ ಬೇಕು. ಕೊಕ್ಕೆ ಇದ್ದು ಭಾರ ತಪ್ಪಿದ್ದರೆ? ಆಗ ಕೊಕ್ಕೆ ಇದ್ದೂ ಸಾಲದು. ಲಾರಿಯ ಗಾಳಿ? ಅದೂ ಕಾರಣ. ಇಳಿಜಾರು? ಅದೂ. ಅಲ್ಲಿಗೆ ಕೇಳುವುದನ್ನು ನಿಲ್ಲಿಸಿದೆ. ಇವತ್ತಿಗೂ ಅವತ್ತು ಬಾಲ ಅಲ್ಲಾಡಿಸಿದ್ದು ಯಾವುದು ಎಂದು ಒಂದನ್ನು ತೋರಿಸು ಎಂದರೆ ನನ್ನ ಕೈಯಲ್ಲಿ ಆಗುವುದಿಲ್ಲ.

ಮಗಳಿಗೆ ಅಷ್ಟು ಬೇಕಿರಲಿಲ್ಲ. ಅವಳು ಮಂಚದ ಕೆಳಗಿನದನ್ನೆಲ್ಲ ಮತ್ತೆ ತೆಗೆಸಿ, ಗಂಡನ ಜೊತೆ ಸೇರಿ ಮೂತಿ ಎತ್ತಿ, ಬಿಲ್ಲೆ ಒರೆಸಿ, ಗುಂಡಿನ ಮೇಲೆ ಕೂರಿಸಿದಳು. ಬಾಗಿಲ ಹಿಂದಿನ ಮೊಳೆಯಿಂದ ಕೀಲಿ ತೆಗೆದಳು.

"ಯಾರು ಬರ್ತೀರಾ?"

ಅಳಿಯಂದಿರು ಹೊರಟರು. "ನೀವು ಬೇಡ, ನೀವು ಬ್ರೇಕ್ ಬ್ರೇಕ್ ಅಂತೀರ" ಅಂದಳು. ನಾನು ಹೋಗಿ ಮುಂದೆ ಕೂತೆ. ಮುಂದಿನ ಸೀಟಿನಲ್ಲಿ ನಾನು ಕೂತದ್ದು ಕಡಿಮೆ.

ಬೀದಿ ದಾಟಿ, ಅಂಗಡಿಸಾಲು ದಾಟಿ, ದೊಡ್ಡ ವೃತ್ತಕ್ಕೆ ಬಂದೆವು. ವೃತ್ತ ಸುತ್ತುವಾಗ ಹಿಂದೆ ಕೊಕ್ಕೆ ಕಿರ್ ಎಂದು ಕಿರುಚಿತು, ಅವಳು ಬೆಚ್ಚಿದಳು. "ಬಿಲ್ಲೆಯ ಸದ್ದು, ಕಷ್ಟಪಟ್ಟು ತಿರುಗ್ತಿದೆ, ಅದೇ ಒಳ್ಳೇದಂತೆ" ಅಂದೆ. ಎಷ್ಟು ನಿಜವೋ ಗೊತ್ತಿಲ್ಲ. ಬೀಗಿತ್ತಿಯ ಎಣ್ಣೆ ಇನ್ನೂ ಉಳಿದು ಕಿರುಚಿದ್ದೂ ಇರಬಹುದು. ಮೋಟರ್‌ವೇಗೆ, ಅದೇ ದೊಡ್ಡ ರಸ್ತೆಗೆ, ಹೋಗುವ ಬೋರ್ಡು ಬಂತು. ಅವಳು ಇಂಡಿಕೇಟರ್ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಮೋಟರ್‌ವೇಯಲ್ಲಿ ಮುಂದಿನ ತಿರುವಿನವರೆಗೆ ಹೋಗುವುದೆಂದು ಅವಳ ಲೆಕ್ಕ. ಹೋಗುತ್ತಿರುವಾಗ ಪಕ್ಕದಲ್ಲಿ ಲಾರಿ ಬಂತು, ಅವತ್ತಿನದಕ್ಕಿಂತ ಉದ್ದದ್ದು. ದಾಟುವವರೆಗೂ ಅವಳ ಬೆರಳು ನೋಡುತ್ತಿದ್ದೆ. ಬಿಳಿಚಿದ್ದವು, ನಡುಗಲಿಲ್ಲ. ಲಾರಿ ದಾಟಿದಾಗ ಹಿಂದಿನ ಮನೆ ಒಂದು ಸಲ ಮೆಲ್ಲಗೆ ತೂಗಿತು, ಸರಿಹೋಯಿತು. ಅವಳು ಕನ್ನಡಿ ನೋಡಿದಳು. ತಿರುವು ಬಂತು. ಅವಳು ತಿರುಗಲಿಲ್ಲ, ಅದರ ಮುಂದಿನದಕ್ಕೆ ಹೋದಳು.

ಮನೆಗೆ ಬಂದು ಗಾಡಿ ಬಿಚ್ಚಿ ನಿಲ್ಲಿಸಿದವಳೇ ಮೆಟ್ಟಿಲ ಮೇಲೆ ಕೂತು ತನ್ನ ಮೇಲಿನವರಿಗೆ ಫೋನ್ ಮಾಡಿದಳು. ಲೆಸ್ಟರ್ ನನಗೇ ಇರಲಿ, ಈ ಮಂಗಳವಾರದಿಂದ ನಾನೇ ಹೋಗ್ತೀನಿ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಒಳಗೆ ಬಂದು ತಿನ್ನಲು ಏನಿದೆ ಅಂದಳು. ಬೆಳಗಿನ ಉಪ್ಪಿಟ್ಟು ಇತ್ತು, ಕೊಟ್ಟೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅಂಗಡಿಯಿಂದ ಬಂದಿದ್ದ ಹೊಸ ಅಕ್ಕಿ ಮೂಟೆಯನ್ನು ಎಳೆದುಕೊಂಡು ಕ್ಯಾರವಾನಿಗೆ ಹೋದೆ. ನಡುವಿನ ಕಪಾಟಿನಿಂದ ಚಪ್ಪಲಿಗಳನ್ನು ಆಚೆ ಎಸೆದೆ, ಒರೆಸಿದೆ, ಕಕ್ಕಸಿನ ಬಾಗಿಲಿಗೆ ಎದುರಾಗಿಯೇ ಅಕ್ಕಿ ಇಟ್ಟೆ. ತಿರುಗಿದರೆ ಬೀಗಿತ್ತಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಜೋಳದ ಹಿಟ್ಟಿನ ಡಬ್ಬಿ. ಅಕ್ಕಿ ನೋಡಿದರು, ಕಕ್ಕಸಿನ ಬಾಗಿಲು ನೋಡಿದರು.

"ನಡುವ ಒಂದು ಸೀರಿ ಕಟ್ಟರಿ ಅಕ್ಕಾರ" ಅಂದು ಡಬ್ಬಿ ಕೊಟ್ಟರು.

ಹಳೆಯ ನೂಲಿನ ಸೀರೆಯೊಂದನ್ನು ತಂದು ಎರಡು ಮಡಿಕೆ ಮಾಡಿ ಒಲೆಗೂ ಕಕ್ಕಸಿಗೂ ನಡುವೆ ಕಟ್ಟಿದೆ. ಡಬ್ಬಿಯನ್ನು ಅಕ್ಕಿಯ ಪಕ್ಕಕ್ಕೆ ಇಟ್ಟೆ. ಆಮೇಲೆ ಹೊರಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕ್ಯಾರವಾನಿನ ಮೂತಿಯನ್ನು ಎತ್ತಿ ನೋಡಿದೆ. ಏಳಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.